ಅರಿಶಿನ ಕುಂಕುಮಕ್ಕೆ ಬಂದ ಮರಳು

ನನ್ನಕ್ಕ ಫೋನ್ ಮಾಡಿದರೆ ಮೊದಲು ಊಟ ಆಯ್ತಾ ಎಂದು ಕೇಳುತ್ತಾಳೆ, ಆಮೇಲೆ ಏನಾದರೊಂದು ನೆಪ ಹುಡುಕಿ ಬೈಯುತ್ತಾಳೆ. ಆ ದಿನ ಊಟವನ್ನೂ ಕೇಳಲಿಲ್ಲ, ಬೈಯಲೂ ಇಲ್ಲ. "ಭಾನ್ವಾರ ಬಾ. ಬರುವಾಗ ನಿನ್ ಬೈರಿಗೆ ತಕ್ಕಂಡ್ ಬಾ" ಎಂದಳು. ದನಿ ಸರಿಯಿರಲಿಲ್ಲ. ಏನಾಯಿತೇ ಎಂದೆ. "ನಿಮ್ ಭಾವ ಅವ್ವನ ಮರ್ಳು ಮಾರ್ತಾವ್ರೆ" ಎಂದವಳೇ ಫೋನ್ ಇಟ್ಟುಬಿಟ್ಟಳು.

ಬೈರಿಗೆ ಎಂದರೆ ಬಡಗಿಯದ್ದಲ್ಲ. ನಾನು ಮಣ್ಣು ನೋಡುವ ಕೆಲಸದವಳು. ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿಕೊಂಡು ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಎಂದು ಸುತ್ತುತ್ತಿರುತ್ತೇನೆ. ಹೊಲದಲ್ಲಿ ಗುಂಡಿ ತೋಡಿಸಿ, ಪದರ ಪದರವಾಗಿ ಮಣ್ಣಿನ ಬಣ್ಣ, ಆಳ, ಜಿಗುಟು ನೋಡಿ, ಇದು ಇಂಥ ವರ್ಗದ ಮಣ್ಣು ಎಂದು ಗುರುತು ಹಾಕುವುದು ನನ್ನ ಅನ್ನ. ಗುಂಡಿ ತೋಡಲಾಗದ ಕಡೆ ಒಂದು ಉದ್ದನೆಯ ಕಬ್ಬಿಣದ ಬೈರಿಗೆಯನ್ನು ನೆಲಕ್ಕೆ ತಿರುಗಿಸಿ ತಿರುಗಿಸಿ ಆಳದ ಮಣ್ಣನ್ನು ಮೇಲೆತ್ತುತ್ತೇವೆ. ಅದನ್ನು ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರುಗಳಿಗೆಲ್ಲ ತಮಾಷೆ. "ಇದೇನಮ್ಮ, ಬೋರ್‌ವೆಲ್ ಕೊರ್ಯಕ್ಕೆ ಒಂಟೌರಾ?" ಎಂದು ಒಬ್ಬ ಕೇಳಿದ. ಹೌದು, ನಿಮ್ಮ ಸೀಟಿನ ಕೆಳಗೇ ನೀರಿದೆ, ಏಳಿ ಅಂದೆ. ಆಮೇಲೆ ಅವನು ನನ್ನ ತಂಟೆಗೆ ಬರಲಿಲ್ಲ.

ಅವ್ವನ ಮರಳು ಎಂದರೆ ಹೇಮಾವತಿ ಹೊಳೆ ದಂಡೆಯ ಒಂದು ಹೊಲ, ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ. ಹೊಲ ಇರುವುದು ಅವ್ವನ ತವರೂರಿನಲ್ಲಿ. ಅವ್ವನನ್ನು ಪಾಲಹಳ್ಳಿಗೆ ಮದುವೆ ಮಾಡಿ ಕೊಡುವಾಗ ಅವಳ ಅಪ್ಪ, ಅಣ್ಣಂದಿರು ಸೇರಿ ಅದನ್ನು ಅರಿಶಿನ ಕುಂಕುಮಕ್ಕೆ ಎಂದು ಕೊಟ್ಟರು. ನಮ್ಮ ಕಡೆ ಅದೊಂದು ಪದ್ಧತಿ. ಹೆಣ್ಣುಮಗಳು ಪಾಲು ಕೇಳಬಾರದು, ಕೊಡಲಿಲ್ಲ ಎಂಬ ಮಾತೂ ಬರಬಾರದು, ಅದಕ್ಕೆ ಒಂದು ಚೂರು ಭೂಮಿ. ಆ ಚೂರು ಯಾವುದಿರುತ್ತದೆ? ಗದ್ದೆ ಬಯಲಿನದೇ? ತೆಂಗಿನ ತೋಟದ್ದೇ? ಅಯ್ಯೋ ಬಿಡಿ! ಈ ನಾಲ್ಕು ತಾಲ್ಲೂಕು ತಿರುಗಿ ನಾನು ಕಂಡಿದ್ದೇನೆ, ಹೆಣ್ಣುಮಕ್ಕಳ ಹೆಸರಿನ ಭೂಮಿ ಎಂದರೆ ನಾಗಮಂಗಲದ ಕಡೆ ಕಲ್ಲುಹರಳಿನ ಗರಸು, ಪಾಂಡವಪುರದ ಕಡೆ ಬಂಡೆ ಪಕ್ಕದ ತುಂಡು, ಹೊಳೆ ಹತ್ತಿರವಾದರೆ ಮರಳು. ಕೊಡುವವರಿಗೆ ಮಣ್ಣಿನ ವರ್ಗೀಕರಣ ಯಾರೂ ಹೇಳಿಕೊಡಬೇಕಾಗಿಲ್ಲ. ಯೋಚಿಸಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವ್ವನಿಗೆ ಉರಿಯುತ್ತಿರಲಿಲ್ಲ. ತವರಿಗೆ ಹೋದಾಗಲೆಲ್ಲ ಚಪ್ಪಲಿ ಬಿಟ್ಟು ಆ ಹೊಲದಲ್ಲೊಂದು ಸುತ್ತು ಹಾಕುತ್ತಿದ್ದಳು. ಬೇಸಿಗೆಯಲ್ಲಿ ಆ ಮರಳು ಕಾದ ಬಾಣಲಿಯಂತಿರುತ್ತಿತ್ತು. ನಾವಿಬ್ಬರು ಅಕ್ಕತಂಗಿಯರು ಕುಣಿದಾಡಿಕೊಂಡು ಹೊಂಗೆಮರದ ನೆರಳಿಗೆ ಓಡಿದರೆ, ಅವಳು ಮಾತ್ರ ನಡುವೆ ನಿಂತು, "ನಂದೂ ಒಂದೊಲ ಐತೆ" ಎನ್ನುತ್ತಿದ್ದಳು. ಅಲ್ಲಿ ಒಂದಿಷ್ಟು ಹುರುಳಿ ಚೆಲ್ಲಿದ್ದು ಬಿಟ್ಟರೆ ಯಾರೂ ಏನೂ ಬೆಳೆಯಲಿಲ್ಲ. ಆಮೇಲೆ ಅಕ್ಕನನ್ನು ಅದೇ ಊರಿಗೆ ಕೊಟ್ಟರು, ಅವ್ವ ಹೊಲವನ್ನು ಅಕ್ಕನ ಹೆಸರಿಗೆ ಮಾಡಿದಳು, ತಾನು ಹೋಗಿಬಿಟ್ಟಳು.

ಭಾವನ ಹೊಲಗಳಿಗೆಲ್ಲ ಹೆಸರಿದೆ. ಬಾವಿ ಹೊಲ, ಹುಣಸೆಮರದ ಹೊಲ, ಗುಡಿ ಮುಂದಿನ ಗದ್ದೆ. ಅವ್ವನದ್ದಕ್ಕೆ ಮಾತ್ರ ಹೆಸರಿಲ್ಲ. "ಆ ಮರ್ಳು" ಅಷ್ಟೆ. ದನ ಎಲ್ಲಿ ಎಂದರೆ, ಆ ಮರಳಲ್ಲಿ ಬಿಟ್ಟಿದ್ದೀನಿ ಎನ್ನುವುದು. ಈಗ ಮನೆ ಕಟ್ಟುವವರಿಗೆಲ್ಲ ಮರಳು ಬೇಕು. ಟ್ರಾಕ್ಟರು ಇಟ್ಟುಕೊಂಡ ಊರಿನ ಒಬ್ಬ ಬಂದು, ಅಣ್ಣಾ, ಮೇಲಿನದನ್ನೆಲ್ಲ ತುಂಬಿಕೊಂಡು ಹೋಗುತ್ತೇನೆ, ಕೈತುಂಬ ಕೊಡುತ್ತೇನೆ ಎಂದಿದ್ದ. ಹಾಗೆ ತುಂಬಿಸಿದರೆ ಉಳಿಯುವುದು ಹೊಲವಲ್ಲ, ಹಳ್ಳ. ಮಳೆಗಾಲದಲ್ಲಿ ನೀರು ನಿಂತು ಹೊಳೆಯ ಪಾಲಾಗುತ್ತದೆ. ಅಕ್ಕ ಹೆದರಿದ್ದು ಅದಕ್ಕೆ.

ಭಾನುವಾರ ಹೋದೆ. ಭಾವ ಜಗುಲಿಯ ಮೇಲೆ ಕುಳಿತಿದ್ದರು. ಒಳ್ಳೆಯ ಮನುಷ್ಯ, ನಾಲಿಗೆ ಮಾತ್ರ ಮೆಣಸಿನಕಾಯಿ. ಬೈರಿಗೆ ಕಂಡದ್ದೇ, "ಏನಮ್ಮಿ, ಮರ್ಳು ನೋಡಕ್ಕೆ ಆಯುಧ ಇಡ್ಕಂಡ್ ಬಂದ್ಬುಟ್ಟಿದ್ದೀಯ? ಕಣ್ಣಲ್ ಕಾಣಕಿಲ್ವಾ?" ಎಂದರು.

"ಕಣ್ಣಿಗೆ ಮೇಲಿಂದು ಮಾತ್ರ ಕಾಣ್ತದೆ ಭಾವ" ಎಂದೆ.

"ಕೆಳ್ಗೂ ಅದೇ ಇರೋದು. ನಾನು ಉಟ್ಟಿದ್ ಊರು ಇದು. ಅದು ಮಣ್ಣಲ್ಲ ಕಣಮ್ಮಿ, ಮರ್ಳು."

ಹೊಲಕ್ಕೆ ಮೂವರೂ ಹೋದೆವು. ಬೈರಿಗೆ ಇಟ್ಟರೆ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಅಲ್ಲಿಯ ತೊಂದರೆಯೇ ಅದು, ಮೇಲೆತ್ತುವಷ್ಟರಲ್ಲಿ ಒಣಮರಳು ಸೋರಿಹೋಗುತ್ತದೆ. ಎಷ್ಟು ಇಳಿಸಿದರೂ ಕಲ್ಲು ಸಿಗಲಿಲ್ಲ, ಜೇಡಿ ಸಿಗಲಿಲ್ಲ. ಅಂಗೈ ಮೇಲೆ ಒಂದಿಷ್ಟು ಹಾಕಿಕೊಂಡು ನೀರು ಚಿಮುಕಿಸಿ ಉಂಡೆ ಕಟ್ಟಲು ನೋಡಿದೆ. ಮಣ್ಣಿನಲ್ಲಿ ಎಷ್ಟು ಜೇಡಿ ಇದೆ, ಎಷ್ಟು ಮರಳಿದೆ ಎಂದು ತಿಳಿಯಲು ನಾವು ಮೊದಲು ಮಾಡುವುದು ಅದನ್ನೇ. ಜೇಡಿ ಇದ್ದರೆ ಉಂಡೆಯಾಗುತ್ತದೆ, ಬೆರಳಲ್ಲಿ ಒತ್ತಿದರೆ ಪಟ್ಟಿಯಾಗಿ ಉದ್ದಕ್ಕೆ ಬರುತ್ತದೆ. ಇದು ಮುಷ್ಟಿ ಬಿಚ್ಚಿದ್ದೇ ಕುಸಿದುಬಿತ್ತು.

"ನೋಡು ನೋಡು! ಮುದ್ದೆ ಕಟ್ಟಕ್ ಬರ್ದೆ ಇರೋ ಇಟ್ಟು!" ಎಂದು ಭಾವ ತೊಡೆ ತಟ್ಟಿಕೊಂಡು ನಕ್ಕರು.

ಅಕ್ಕ ನಗಲಿಲ್ಲ. "ಅದ್ನ ನಿಮ್ ಲೆಕ್ದಲ್ಲಿ ಏನಂತಾರೆ?" ಎಂದು ನನ್ನನ್ನೇ ಕೇಳಿದಳು.

ನಾನು ಆದಷ್ಟು ಸರಳವಾಗಿ ಹೇಳಿದೆ. ನಾವು ಮಣ್ಣನ್ನು ವಿಂಗಡಿಸುವುದು ಅದರೊಳಗೆ ಏನೇನು ನಡೆದಿದೆ ಎಂಬುದರ ಮೇಲೆ. ಕೆಮ್ಮಣ್ಣಿನಲ್ಲಿ ಕಾಲಕಾಲದಿಂದ ಮೇಲಿನ ಜೇಡಿ ಇಳಿದು ಇಳಿದು ಕೆಳಗೆ ಕೂತಿರುತ್ತದೆ. ಎರೆಮಣ್ಣು ಒಣಗಿ ಬಿರಿದು, ನೆನೆದು ಉಬ್ಬಿ, ತನ್ನನ್ನು ತಾನೇ ಕಲಸಿಕೊಂಡಿರುತ್ತದೆ. ಈ ಮರಳಲ್ಲಿ ಅಂಥದ್ದು ಒಂದೂ ನಡೆದಿಲ್ಲ. ಹೊಳೆ ತಂದು ಸುರಿದಿದೆ, ಅದು ಹಾಗೇ ಇದೆ. ಇಂಥದ್ದನ್ನು ಎಳೆಯ ಮಣ್ಣುಗಳ ಗುಂಪಿಗೆ ಹಾಕುತ್ತೇವೆ. ಮರಳು ಅನ್ನುವುದು ಅದರ ಕಾಳಿನ ಗಾತ್ರ. ಜಾತಿ ಮಣ್ಣೇ.

"ಅಂಗಂದ್ರೆ?"

"ಇನ್ನೂ ಏನೂ ಆಗ್ದೆ ಇರೋ ಮಣ್ಣು ಅಂತ."

"ಆಗ್ದಿದ್ರೆ ಏನಾಯ್ತು? ಆಯ್ತದೆ ಬುಡು" ಎಂದಳು ಅಕ್ಕ.

ಆಮೇಲೆ ಅವಳು ಇನ್ನೊಂದು ಕೇಳಿದಳು. ಮಣ್ಣಿಗೆ ಹೆಸರು ಹೇಗೆ ಇಡುತ್ತೀರಿ ಎಂದು. ಒಂದು ಬಗೆಯ ಮಣ್ಣನ್ನು ಮೊದಲು ಯಾವ ಊರಿನಲ್ಲಿ ಗುರುತಿಸುತ್ತಾರೋ ಆ ಊರಿನ ಹೆಸರು ಇಡುವುದು ವಾಡಿಕೆ ಎಂದೆ. "ಅವ್ವನ ಎಸ್ರು ಇಡಕಾಗಲ್ವಾ?" ಎಂದಳು. ಆಗೋದಿಲ್ಲ ಕಣೆ ಎಂದೆ. ಅವಳು ಮುಖ ಊದಿಸಿಕೊಂಡು ಹೊಳೆ ಕಡೆ ನೋಡುತ್ತ ನಿಂತಳು.

ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನೂ ಭಾವನೂ ಜೋರು ಜಗಳವಾಡಿದೆವು. ಹೊಲ ನಿಮ್ಮದಲ್ಲ, ಅಕ್ಕನದು ಎಂದೆ. ಬೆಳೆ ಬಾರದ ಹೊಲ ಇಟ್ಟುಕೊಂಡು ಪೂಜೆ ಮಾಡುವುದಾ ಎಂದರು ಅವರು. ಕೊನೆಗೆ ಅಕ್ಕ ಸೌಟು ಕೆಳಗಿಟ್ಟು, ಸಂಕ್ರಾಂತಿಗೆ ಆ ಹೊಲದಿಂದ ಗೆಣಸು ಕೀಳುತ್ತೇನೆ, ಕಿತ್ತರೆ ಟ್ರಾಕ್ಟರು ಆ ಕಡೆ ತಲೆ ಹಾಕಬಾರದು, ಇಲ್ಲದಿದ್ದರೆ ನಿಮ್ಮಿಷ್ಟ ಎಂದಳು. "ಆಯ್ತು, ಸಂಕ್ರಾಂತಿ ಗಂಟ" ಎಂದರು ಭಾವ. ಟ್ರಾಕ್ಟರಿನವನಿಗೆ ಸಂಕ್ರಾಂತಿಯವರೆಗೆ ತಡೆ ಎಂದಷ್ಟೇ ಹೇಳಿ ಕಳಿಸಿದರು. ಹೆದರಿದ್ದು ನಾನು. ಯಾಕೆಂದರೆ ಕೆಲಸದ ಮೇಲೆ ಬಂದಿದ್ದರೆ ಆ ಹೊಲವನ್ನು ಬೇಸಾಯಕ್ಕೆ ಅಷ್ಟಾಗಿ ಒಗ್ಗದ ಭೂಮಿ ಎಂದೇ ಗುರುತು ಹಾಕುತ್ತಿದ್ದೆ.

ಮುಂಗಾರಿನ ಮೊದಲ ಮಳೆ ಬಿದ್ದದ್ದೇ ಅಕ್ಕ ಸಾಲು ಹೊಡೆಸಿ ಗೆಣಸಿನ ಬಳ್ಳಿ ನೆಟ್ಟಳು. ಸಂತೆಬಾಚಹಳ್ಳಿ ಕಡೆಯಿಂದ ಬಳ್ಳಿ ತರಿಸಿದ್ದಳು. ಫೋನಿನಲ್ಲಿ ಅವಳ ದನಿ ಬೇರೆಯೇ ಆಗಿತ್ತು. ಚಿಗುರಿದೆ ಎಂದಳು. ಹಬ್ಬಿದೆ ಎಂದಳು. ಆಮೇಲೆ ಫೋನು ಕಡಿಮೆಯಾಯಿತು. ನಾನೇ ಮಾಡಿದರೆ, ಹೂಂ ಇದೆ, ಇದೆ ಎನ್ನುವುದು. ಅನುಮಾನ ಬಂದು ಒಂದು ದಿನ ಪಾಂಡವಪುರದಲ್ಲಿ ಕೆಲಸ ಮುಗಿಸಿಕೊಂಡು ಹಾಗೇ ಬಸ್ಸು ಹತ್ತಿದೆ.

ಬಳ್ಳಿಯೆಲ್ಲ ಅರಿಶಿನ ಬಳಿದಂತಾಗಿತ್ತು. ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ನೀರು ಕಟ್ಟುತ್ತಿದ್ದಳು. ಹೊಳೆಗೆ ಇಟ್ಟ ಮೋಟರು ಭರ್ರೆನ್ನುತ್ತಿತ್ತು, ಸಾಲು ಸಾಲು ತುಂಬಿ ನೀರು ನಿಂತಿತ್ತು. "ಎಷ್ಟೊತ್ತಿಂದ ಇಂಗೆ ಬುಟ್ಟಿದ್ದೀಯೆ?" ಎಂದೆ. ಬೆಳಿಗ್ಗೆಯಿಂದ ಎಂದಳು. ವಾರಕ್ಕೊಮ್ಮೆ ಹೀಗೆ ಹೊಟ್ಟೆ ತುಂಬ ಕುಡಿಸುತ್ತೇನೆ, ಗೊಬ್ಬರವನ್ನೂ ಒಟ್ಟಿಗೆ ಹಾಕಿದ್ದೇನೆ, ಆದರೂ ದರಿದ್ರದ್ದು ಹಳದಿ ತಿರುಗುತ್ತಿದೆ ಎಂದಳು.

"ಅಯ್ಯೋ ನಿನ್ನ! ಇದೇನು ಪಾಲಹಳ್ಳಿ ಗದ್ದೆ ಅನ್ಕೊಂಡಿದ್ದೀಯಾ?"

ನಮ್ಮೂರಿನವರ ಚಾಳಿ ಅದು. ಕಾಲುವೆ ಬಾಯಲ್ಲಿ ಹುಟ್ಟಿ ಬೆಳೆದವರು. ಭತ್ತವಾಗಲಿ ಕಬ್ಬಾಗಲಿ, ಸೊರಗಿದರೆ ನೀರು ಬಿಡು, ಹಳದಿಯಾದರೆ ನೀರು ಬಿಡು. ತೂಬೆತ್ತಿ ಕಾಲಡಿ ನೀರು ನಿಲ್ಲಿಸದಿದ್ದರೆ ಬೇಸಾಯ ಮಾಡಿದ ಸಮಾಧಾನವೇ ಇರುವುದಿಲ್ಲ. ನಮ್ಮ ಗದ್ದೆಯ ಜಿಗುಟು ಮಣ್ಣು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರಳಿಗೆ ಹಿಡಿದುಕೊಳ್ಳುವ ಕೈಗಳೇ ಇಲ್ಲ.

ಹಾಗೆಂದದ್ದಕ್ಕೆ ಅಕ್ಕ ಸನಿಕೆ ಎಸೆದಳು. "ಪಾಲಹಳ್ಳಿ ಎಣ್ಗೆ ನೀರ್ ಕಟ್ಟೋದ ನೀನ್ ಏಳ್ಕೊಡ್ತೀಯಾ? ನಾನು ಕಟ್ಟಿದ್ ನೀರಲ್ಲೇ ಕಣೆ ನೀನು ಅನ್ನ ಉಂಡಿದ್ದು!"

"ಕಟ್ಟಿದ್ಯಲ್ಲ ನೀರು, ಅದೆಲ್ಲೋಯ್ತು ಅಂತ ನಾಳೆ ನೋಡವ ಬಾ" ಎಂದೆ. ನಾನೂ ಅಷ್ಟೇ ಜೋರಾಗಿ ಕೂಗಿದ್ದೆ. ಇಬ್ಬರೂ ಆ ರಾತ್ರಿ ಮಾತಾಡಲಿಲ್ಲ, ಭಾವ ಮಾತ್ರ ಸೊಗಸಾಗಿ ಊಟ ಮಾಡಿದರು.

ಬೆಳಿಗ್ಗೆ ಹೊಲದ ಅಂಚಿನಲ್ಲಿ, ಹೊಂಗೆಮರದ ಹತ್ತಿರ ಗುಂಡಿ ತೋಡತೊಡಗಿದೆ. ಅಕ್ಕ ದೂರ ನಿಂತಿದ್ದಳು. ಭಾವ ತಮಾಷೆ ನೋಡಲು ಬಂದವರು, ನಾನು ಗುದ್ದಲಿ ಹಿಡಿದ ರೀತಿ ಸಹಿಸಲಾರದೆ, "ತತ್ತಾ ಇಲ್ಲಿ, ಕಾಲ್ ಕಡ್ಕಂಡೀಯ" ಎಂದು ಕಿತ್ತುಕೊಂಡು ತಾವೇ ಇಳಿದರು. ಬದಿ ಕುಸಿಯದ ಹಾಗೆ ಅಗಲಕ್ಕೆ, ಇಳಿಜಾರಾಗಿ ತೋಡಿದರು. ಹಿಂದಿನ ದಿನ ಕೆರೆಯಂತೆ ನಿಂತಿದ್ದ ನೆಲದ ಮೇಲ್ಪದರ ಆಗಲೇ ಬೆಳ್ಳಗೆ ಒಣಗಿತ್ತು. ಗೆಣಸಿನ ಬೇರಿರುವಲ್ಲಿ ಬರೀ ಒಂದಿಷ್ಟು ತಂಪು. ಅದಕ್ಕಿಂತ ಕೆಳಗೆ, ಬಳ್ಳಿಯ ಬೇರಿಗೆ ಎಟುಕದ ಆಳದಲ್ಲಿ, ಮರಳು ಒದ್ದೆಯಾಗಿ ಹೊಳೆಯುತ್ತಿತ್ತು.

"ಹೊಳೆಯಿಂದ ಎತ್ತಿದ್ದು ಮತ್ತೆ ಹೊಳೆಗೇ ಹೋಗ್ತಾ ಇದೆ. ಹೋಗುವಾಗ ನೀನು ಹಾಕಿದ ಗೊಬ್ಬರಾನೂ ತೊಳ್ಕೊಂಡು ಹೋಗ್ತಾ ಇದೆ" ಎಂದೆ. ಅಕ್ಕ ಹತ್ತಿರ ಬಂದು ಬಗ್ಗಿ ನೋಡಿದಳು. ಅವಳ ಕಣ್ಣು ತುಂಬಿತ್ತು. ಕೂಗಬಾರದಿತ್ತು ಅನ್ನಿಸಿತು.

ಅಷ್ಟರಲ್ಲಿ ಗುಂಡಿಯೊಳಗಿನಿಂದ ಭಾವ, "ಇದೇನಮ್ಮಿ ಇದು?" ಎಂದರು. ಇಳಿಜಾರಾಗಿ ಕಡಿದ ಮರಳಿನ ಬದಿಯಲ್ಲಿ ಸೀರೆಯ ಅಂಚಿನಷ್ಟು ತೆಳ್ಳನೆಯ ಕಪ್ಪು ಗೆರೆಗಳು. ಒಂದರ ಕೆಳಗೊಂದು, ನಡುವೆ ಬಿಳಿ ಮರಳು. ನಾನೂ ಇಳಿದು ಉಗುರಿನಿಂದ ಕೆರೆದೆ. ಬೈರಿಗೆಯಲ್ಲಿ ಮರಳಿನೊಂದಿಗೆ ಕಲೆತು ನನ್ನ ಕಣ್ಣು ತಪ್ಪಿಸಿದ್ದ ಮೆಕ್ಕಲು. ನುಣ್ಣಗೆ ಬೆರಳಿಗೆ ಅಂಟಿತು. ಹೊಂಗೆಯ ಬೇರುಗಳೆಲ್ಲ ಆ ಗೆರೆಗಳನ್ನೇ ಹಿಡಿದುಕೊಂಡು ಕವಲೊಡೆದಿದ್ದವು.

ಮೊದಲೆಲ್ಲ ಹೊಳೆ ತುಂಬಿ ದಂಡೆ ಮೇಲೆ ಹರಿದಾಗ ಬಿಟ್ಟುಹೋದ ಗಸಿ ಇದು ಎಂದು ಹೇಳಿದೆ. ಮೇಲೆ ಅಣೆಕಟ್ಟು ಕಟ್ಟಿದ ಮೇಲೆ ಅಂಥ ಪ್ರವಾಹ ಅಪರೂಪ. ಬಂದರೂ ಗಸಿಯೆಲ್ಲ ಅಣೆಕಟ್ಟಿನ ಹಿಂದೆಯೇ ಕೂತುಬಿಡುತ್ತದೆ.

ಭಾವ ಗುದ್ದಲಿಗೆ ಆತುಕೊಂಡು ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಅಂಗಾರೆ ಒಳೆನೇ ಈ ಒಲುಕ್ಕೆ ಗೋಡು ಒಡೀತಿತ್ತು ಅನ್ನು" ಎಂದರು.

ಗೋಡು ಎಂದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಎತ್ತಿ ಹೊಲಕ್ಕೆ ಹಾಕುವ ಕಪ್ಪು ಮಣ್ಣು. ನಮ್ಮ ಕಡೆ ರೈತರಿಗೆ ಅದಕ್ಕಿಂತ ದೊಡ್ಡ ಔತಣವಿಲ್ಲ. ನಾನು ಹೇಳಲು ಒದ್ದಾಡುತ್ತಿದ್ದುದನ್ನು ಭಾವ ಒಂದೇ ಮಾತಿನಲ್ಲಿ ಹಿಡಿದಿದ್ದರು. "ಹೌದು ಭಾವ, ಈಗ ಹೊಳೆ ನಿಲ್ಲಿಸಿದೆ. ಬದಲಿಗೆ ನಾವು ಹೊಡೀಬೇಕು" ಎಂದೆ. ಅವರು ಮೇಲೆ ಹತ್ತಿ ಮೈ ಕೊಡವಿಕೊಂಡು ಹೋದರು. ನಾನೂ ಶ್ರೀರಂಗಪಟ್ಟಣಕ್ಕೆ ವಾಪಸಾದೆ.

ಮುಂದಿನ ವಾರ ಅಕ್ಕನ ಫೋನು. ಊಟ ಆಯ್ತಾ ಎಂದು ಕೇಳಿದಳು, ಕೂಗಾಡಿದ್ದಕ್ಕೆ ಚೆನ್ನಾಗಿ ಬೈದಳು. ಆಮೇಲೆ ಸುದ್ದಿ ಹೇಳಿದಳು. ತೆಂಗಿನ ಬುಡಕ್ಕೆಂದು ಬೇಸಿಗೆಯಲ್ಲಿ ಹೊಡೆಸಿ ಗುಡ್ಡೆ ಹಾಕಿದ್ದ ಗೋಡನ್ನು ಭಾವ ತಾವೇ ಟ್ರೈಲರಿಗೆ ತುಂಬಿಸಿ ಮರಳಿಗೆ ಸುರಿಸುತ್ತಿದ್ದಾರಂತೆ. ಕೇಳಿದರೆ, "ಸೋತ್ಮೇಲೆ ಗೋಡಿಲ್ದೆ ಸೋತೆ ಅಂತ ನಿನ್ ತಂಗಿ ಬಾಯ್ ಬಡ್ಕಂಡಾಳು" ಎಂದರಂತೆ. ನನಗೆ ನಗು ತಡೆಯಲಾಗಲಿಲ್ಲ.

ಹಳದಿ ಬಳ್ಳಿ ಕಿತ್ತು ಹೊಸದಾಗಿ ಸಾಲು ಹೊಡೆದರು. ಸಾಲಿನ ಏರಿಗೆ ಗೋಡು, ಕೊಟ್ಟಿಗೆ ಗೊಬ್ಬರ, ಒಲೆ ಬೂದಿ. ಅದರಲ್ಲಿ ಶ್ರಾವಣ ಕಳೆಯುವಾಗ ಮತ್ತೆ ಬಳ್ಳಿ ನೆಟ್ಟರು. ಸಾಲಿನ ನಡುವೆ ಬಿಸಿಲು ಬೀಳದಂತೆ ಕಬ್ಬಿನ ಸೋಗೆ ಹಾಸಿದರು. ನೀರಿನ ವಿಷಯವೇ ಕಷ್ಟವಾದದ್ದು. ದಿನ ಬಿಟ್ಟು ದಿನ ಕೊಡು, ಆದರೆ ಸ್ವಲ್ಪ ಕೊಡು, ಗೊಬ್ಬರವನ್ನೂ ಹಾಗೇ ತುಸು ತುಸುವೇ ಕೊಡು, ಮಗುವಿಗೆ ಉಣಿಸಿದ ಹಾಗೆ ಎಂದಿದ್ದೆ. ಅಕ್ಕನಿಗೆ ಮೋಟರು ಆರಿಸಲು ಕೈಯೇ ಬರುತ್ತಿರಲಿಲ್ಲವಂತೆ. "ಬಾಯಿ ನೆಂದೈತೋ ಇಲ್ವೋ, ಆಗ್ಲೇ ನಿಲ್ಸು ಅಂತೀಯಲ್ಲ, ಪಾಪ ಕಣೆ!" ಎಂದು ಫೋನಿನಲ್ಲಿ ಗೋಳಾಡುತ್ತಿದ್ದಳು. ಆದರೂ ಆರಿಸಿದಳು.

ಹೀಗೆ ಮಾಡುತ್ತ ಆ ಮರಳಿನ ಒಳ್ಳೆಯ ಗುಣಗಳೂ ಒಂದೊಂದೇ ಕಂಡವು. ಎಂಥ ಮಳೆ ಬಂದರೂ ಮಾರನೆಯ ದಿನ ಹೊಲಕ್ಕೆ ಕಾಲಿಡಬಹುದು. ಪಕ್ಕದ ಹೊಲದವರು ಕೆಸರು ಆರಲಿ ಎಂದು ಕಾಯುತ್ತಿದ್ದಾಗ ಅಕ್ಕ ಕಳೆ ತೆಗೆದು ಮುಗಿಸಿರುತ್ತಿದ್ದಳು. ಬುಡ ಕೊಳೆಯಲಿಲ್ಲ, ನೆಲ ಬಿರಿಯಲಿಲ್ಲ. ನಾನು ಕೆಲಸಕ್ಕೆಂದು ಗೋವಿಂದನಹಳ್ಳಿ ಕಡೆ ಹೋದಾಗಲೆಲ್ಲ ಬಸ್ಸು ಬದಲಿಸಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಪ್ರತಿ ಸಲವೂ ಬಳ್ಳಿ ಒಂದು ಗೇಣು ಮುಂದೆ ಹೋಗಿರುತ್ತಿತ್ತು. ಎಲೆ ಹಸಿರೋ ಹಸಿರು. ಕೆಳಗೆ ಗೆಡ್ಡೆ ಕಟ್ಟಿದೆಯೋ ಇಲ್ಲವೋ ಎಂಬುದು ಮಾತ್ರ ತಿಳಿಯದು. ಕೆದಕಿ ನೋಡೋಣ ಎಂದರೆ ಅಕ್ಕ ಕೈಗೆ ಹೊಡೆಯುತ್ತಿದ್ದಳು.

ಸಂಕ್ರಾಂತಿಗೆ ಮುಂಚೆ, ಗೆಣಸು ಕೀಳುವ ದಿನ ರಜೆ ಹಾಕಿ ಹೋದೆ. ಬಳ್ಳಿ ಕೊಯ್ದು ಬದಿಗಿಟ್ಟಾಗಿತ್ತು. ಅಕ್ಕ ಮಂಡಿಯೂರಿ ಕುಳಿತು, ಹೊಳೆ ಕಡೆಗೊಮ್ಮೆ ಕೈ ಮುಗಿದು, ಗುದ್ದಲಿ ಬೇಡವೆಂದು ಬರಿಗೈಯನ್ನೇ ಏರಿಗೆ ತೂರಿಸಿದಳು. ಮುಖದಲ್ಲಿ ಏನೂ ತಿಳಿಯಲಿಲ್ಲ. ಆಮೇಲೆ ಅವಳ ಮೊಣಕೈ ಅಲುಗಿತು, ಬುಡ ಸಮೇತ ಒಂದು ಗೊಂಚಲು ಎದ್ದು ಬಂತು. ಕೆಂಪಗೆ, ಉದ್ದಕ್ಕೆ, ನೆಟ್ಟಗೆ. ಜಿಗುಟು ನೆಲದ ಗೆಣಸು ಸೊಟ್ಟಪಟ್ಟ ತಿರುಚಿಕೊಂಡಿರುತ್ತದೆ, ಮಣ್ಣು ತೊಳೆಯುವಷ್ಟರಲ್ಲಿ ಸಾಕಾಗುತ್ತದೆ. ಇದನ್ನು ಒಮ್ಮೆ ಒದರಿದರೆ ಸಾಕು, ಮರಳು ಉದುರಿ ಹೊಳೆಯುತ್ತಿತ್ತು. "ಬಂತಲ್ಲೇ! ಬಂತಲ್ಲೇ!" ಎಂದು ನಾನು ಆ ವಯಸ್ಸಿನಲ್ಲಿ ಕುಣಿದೇಬಿಟ್ಟೆ.

ಭಾವನೂ ಬಂದು ಕುಳಿತರು. ಕಿತ್ತದ್ದನ್ನು ತೆಗೆದುಕೊಂಡು ಮರಳು ಒದರಿ, ಬೆರಳಿನಿಂದ ಸವರಿ, ಗುಡ್ಡೆ ಹಾಕುತ್ತಿದ್ದರು. ಗುಡ್ಡೆ ಅವರ ಮಂಡಿ ದಾಟಿದಾಗ ಬೈಕಿನ ಸದ್ದಾಯಿತು. ಟ್ರಾಕ್ಟರಿನವನು. ನಾವು ಮೂವರೂ ಮಾತಾಡಿದ್ದ ಸಂಕ್ರಾಂತಿಯ ಗಡುವನ್ನು ಅವನು ಮರೆತಿರಲಿಲ್ಲ.

"ಏನಣ್ಣ, ಬೆಳೆ ಕಿತ್ತಾಯ್ತಲ್ಲ. ಅಬ್ಬ ಕಳ್ದೇಟ್ಗೆ ಮರ್ಳು ತುಂಬ್ಕಳವಾ?" ಎಂದು ಕೇಳುತ್ತಲೇ ಕಿತ್ತಿರದ ಸಾಲಿನ ಮೇಲೆ ಕಾಲಿಟ್ಟ.

ಅಕ್ಕನ ಕೈ ಮರಳೊಳಗೇ ನಿಂತಿತು. ಅವಳು ಭಾವನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದಳು.

"ಯಾವ್ ಮರ್ಳ್ಲಾ?" ಎಂದರು ಭಾವ, ಕೈಯಲ್ಲಿದ್ದ ಗೆಣಸನ್ನು ಒರೆಸುತ್ತಲೇ.

"ಇದೇ ಕಣಣ್ಣ, ನಿಂತಿದ್ದೀನಲ್ಲ, ಈ ಮರ್ಳು."

"ಇಲ್ಲಿ ಮರ್ಳೆಲ್ಲೈತ್ಲಾ? ಇದು ನಮ್ಮತ್ತೆ ಒಲ ಕಣ್ಲಾ. ಕಾಲ್ ತಗಿ, ಕೆಳ್ಗೆ ಗೆಣ್ಸವೆ."

ಅವನು ಬೆಪ್ಪಾಗಿ ಕಾಲು ತೆಗೆದ. ಅಕ್ಕ ಎದ್ದು, ಗುಡ್ಡೆಯಿಂದ ಒಳ್ಳೆಯ ಗೆಣಸುಗಳನ್ನು ಆರಿಸಿ ಅವನ ಕೈಗೆ ತುಂಬಿದಳು. "ತಗಳಪ್ಪ, ಬರಿಗೈಲಿ ಓಗ್ಬ್ಯಾಡ. ನಮ್ಮವ್ವನ ಒಲ್ದವು" ಎಂದಳು. ನಾನು ಬಗ್ಗಿ ಮುಂದಿನ ಬುಡಕ್ಕೆ ಕೈ ಹಾಕಿದೆ.